ಪ್ರತಿ ಬುಧವಾರ, ಅದೇ ಕೋಣೆ

ಬೀದರಿನ ಹುಡುಗನಿಗೆ ಬೆಂಗಳೂರು ಸುಮಾರು 700 ಕಿಲೋಮೀಟರ್ ದೂರ. ಹೈದರಾಬಾದು 150ರ ಒಳಗೇ ಸಿಗುತ್ತದೆ. 1956ರವರೆಗೆ ಬೀದರ್, ಕಲಬುರಗಿ, ರಾಯಚೂರು ಇದ್ದದ್ದು ಹೈದರಾಬಾದ್ ರಾಜ್ಯದಲ್ಲೇ. ರಾಜ್ಯ ಬೇರೆಯಾದರೂ ಓದಲು ಬಸ್ಸು ಹತ್ತುವ ದಿಕ್ಕು ಅಷ್ಟಾಗಿ ಬದಲಾಗಲಿಲ್ಲ. ಉಸ್ಮಾನಿಯಾ, ಗಚ್ಚಿಬೌಲಿಯ ಕೇಂದ್ರೀಯ ವಿಶ್ವವಿದ್ಯಾಲಯ, ತಾರ್ನಾಕದ ಇಫ್ಲು, ಮೌಲಾನಾ ಆಜಾದ್ ಉರ್ದು ವಿಶ್ವವಿದ್ಯಾಲಯ, ಕಂದಿಯ ಐಐಟಿ: ಈ ನಗರದ ಸುತ್ತ ಓದಲು ಬಂದವರದೇ ಒಂದು ಊರಿದೆ. ಆಪ್ತಸಮಾಲೋಚಕಿಯಾಗಿ ಇಲ್ಲಿನ ವಿದ್ಯಾರ್ಥಿಗಳ ನಡುವೆ ಕಾರ್ಯಾಗಾರ, ಬೆಂಬಲ ಗುಂಪು ನಡೆಸುತ್ತ ಬಂದಿದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಇಳಿಯುವ ಅಧ್ಯಾಪಕರು, ವಾರ್ಡನ್‌ಗಳು, ಸಮಾಲೋಚಕರು ಕೇಳುತ್ತಿರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

1. ಪೋಸ್ಟರಿನಲ್ಲಿ ರೋಗದ ಹೆಸರು ಬೇಡ

‘ಮಾನಸಿಕ ಆರೋಗ್ಯ ಜಾಗೃತಿ’ ಎಂದು ಬ್ಯಾನರ್ ಕಟ್ಟಿದರೆ ಹಾಜರಾತಿಗಾಗಿ ಕಳಿಸಿದ ಎನ್‌ಎಸ್‌ಎಸ್ ಮಕ್ಕಳು ಬಂದು ಕೂರುತ್ತಾರೆ. ‘ರಾತ್ರಿ ನಿದ್ದೆ ಬರುತ್ತಿಲ್ಲವೇ?’ ಎಂದು ಬರೆದರೆ ಬಾಗಿಲ ಬಳಿ ನಿಲ್ಲುವಷ್ಟು ಜನ. ನಿದ್ದೆಗೆಟ್ಟಿದ್ದೇನೆ ಎಂದು ಹೇಳಿಕೊಳ್ಳಲು ಯಾರಿಗೂ ನಾಚಿಕೆಯಿಲ್ಲ, ಗಂಡುಮಕ್ಕಳಿಗಂತೂ ಒಳಗೆ ಬರಲು ಇದಕ್ಕಿಂತ ಸಲೀಸಾದ ನೆಪ ಇಲ್ಲ. ‘ಗೈಡ್ ಹತ್ತಿರ ಮಾತಾಡುವುದು ಹೇಗೆ’ ಎಂಬುದೂ ಚೆನ್ನಾಗಿ ನಡೆಯುತ್ತದೆ.

ನೆಪದಲ್ಲಿ ಕರೆದ ಮೇಲೆ ಆ ವಿಷಯವನ್ನು ನಿಜವಾಗಿ ಕಲಿಸಬೇಕು. ಮಲಗಿದ್ದು ಎಷ್ಟು ಹೊತ್ತಿಗೇ ಆಗಲಿ, ಏಳುವ ಹೊತ್ತು ಒಂದೇ ಇರಲಿ. ಇಪ್ಪತ್ತು ನಿಮಿಷವಾದರೂ ಕಣ್ಣು ಹತ್ತದಿದ್ದರೆ ಎದ್ದು ಬೇರೆಡೆ ಕುಳಿತು, ತೂಕಡಿಕೆ ಬಂದಾಗ ಮತ್ತೆ ಮಲಗಿ. ಹಾಸಿಗೆ ನಿದ್ದೆಗಷ್ಟೇ ಇರಲಿ. ಪುಸ್ತಕದಲ್ಲಿ ಇದಿಷ್ಟೂ ಸುಲಭ. ಹಾಸ್ಟೆಲಿನಲ್ಲಿ ಹಾಸಿಗೆಯೇ ಮೇಜು, ಹಾಸಿಗೆಯೇ ಊಟದ ಮಣೆ, ಗೆಳೆಯರು ಬಂದರೆ ಅದೇ ಸೋಫಾ. ಹಾಗಾಗಿ ನಾನು ಹೇಳುವುದು, ಊರಲ್ಲಿ ಮಾಡುವ ಹಾಗೆ ಬೆಳಿಗ್ಗೆ ಎದ್ದೊಡನೆ ಹಾಸಿಗೆ ಸುತ್ತಿಡಿ ಎಂದು. ಲ್ಯಾಪ್‌ಟಾಪು ಬರಿ ಮಂಚದ ಮೇಲೆ ಇರಬಹುದು, ಸುತ್ತಿಟ್ಟ ಹಾಸಿಗೆಯ ಮೇಲೆ ಬೇಡ.

2. ಕಾರ್ಯಾಗಾರ ಒಂದು ದಿನದ್ದು, ಗುಂಪು ಎಂಟು ವಾರದ್ದು

ಇನ್ನೂರು ಜನರ ಸಭಾಂಗಣ, ಹೂಗುಚ್ಛ, ಪಿಪಿಟಿ, ಫೋಟೋ: ಆಡಳಿತಕ್ಕೆ ಪ್ರಿಯವಾದ ಕಾರ್ಯಾಗಾರ ಇದು. ನಾನೂ ಮಾಡುತ್ತೇನೆ. ಆದರೆ ಅದರ ಕೊನೆಯ ಹತ್ತು ನಿಮಿಷವನ್ನು ಒಂದೇ ಮಾತಿಗೆ ಇಟ್ಟುಕೊಳ್ಳುತ್ತೇನೆ: ಬರುವ ಬುಧವಾರ ಸಂಜೆ ಐದೂವರೆಗೆ ಇಂಥ ಕೋಣೆಯಲ್ಲಿ ಕೆಲವರು ಸೇರುತ್ತೇವೆ, ಮುಂದಿನ ಬುಧವಾರವೂ ಅಲ್ಲೇ.

ಗುಂಪು ಚಿಕ್ಕದಿರಬೇಕು. ಗುಂಪು ಚಿಕಿತ್ಸೆಯ ಬಗ್ಗೆ 1970ರಲ್ಲೇ ದೊಡ್ಡ ಪಠ್ಯ ಬರೆದ ಅಮೆರಿಕದ ಮನೋವೈದ್ಯ ಇರ್ವಿನ್ ಯಾಲಮ್ ಏಳೆಂಟು ಜನ ಸರಿ ಎನ್ನುತ್ತಾರೆ. ನಮ್ಮಲ್ಲಿ ಒಬ್ಬರಿಗೆ ಲ್ಯಾಬು, ಇನ್ನೊಬ್ಬರಿಗೆ ಊರಿಂದ ಅಪ್ಪ ಬಂದಿರುತ್ತಾರೆ. ಆದ್ದರಿಂದ ಹತ್ತು ಜನರಿಂದ ಶುರು ಮಾಡುತ್ತೇನೆ. ಒಂದೂವರೆ ಗಂಟೆ. ಖುರ್ಚಿಗಳು ಸುತ್ತಲೂ, ನಡುವೆ ಮೇಜಿಲ್ಲ. ಒಂದೇ ವಿಭಾಗದ ಸೀನಿಯರ್, ಜೂನಿಯರ್ ಒಂದೇ ಗುಂಪಿನಲ್ಲಿ ಬೇಡ. ಕೋಣೆ ಆಡಳಿತ ಭವನದಲ್ಲಂತೂ ಬೇಡವೇ ಬೇಡ. ಅಲ್ಲಿಗೆ ಹೋಗುವ ಹುಡುಗಿಯನ್ನು ಶುಲ್ಕ ಕಟ್ಟಲು ನಿಂತ ಸಾಲೆಲ್ಲ ನೋಡುತ್ತದೆ. ಗ್ರಂಥಾಲಯದ ಹಿಂಬದಿಯ ಕೋಣೆ, ಎನ್‌ಸಿಸಿ ಸಾಮಾನು ಇಡುವ ಜಾಗ, ಎಲ್ಲಿ ಹೋದರೂ ‘ಯಾಕೆ ಬಂದೆ’ ಎಂದು ಯಾರೂ ಕೇಳದ ತಾವು ಸಾಕು.

ಇಬ್ಬರೇ ಬಂದ ದಿನವೂ ಗುಂಪು ರದ್ದು ಮಾಡಬಾರದು. ಮೂರನೇ ವಾರ ಧೈರ್ಯ ಮಾಡಿ ಬಂದವನಿಗೆ ಬೀಗ ಕಂಡರೆ ನಾಲ್ಕನೇ ವಾರ ಅವನು ಬರುವುದಿಲ್ಲ.

3. ಗುಟ್ಟಿಗೆ ಮಿತಿ ಎಲ್ಲಿ ಎಂದು ಮೊದಲ ದಿನವೇ ಹೇಳಿ

‘ಇಲ್ಲಿ ಆಡಿದ್ದು ಇಲ್ಲೇ’ ಎಂದರೆ ಅರ್ಧ ಸತ್ಯ. ಯಾರದಾದರೂ ಪ್ರಾಣಕ್ಕೆ ಅಪಾಯವಿದೆ ಅನ್ನಿಸಿದರೆ ನಾನು ಇನ್ನೊಬ್ಬರಿಗೆ ಹೇಳುತ್ತೇನೆ, ನಿಮಗೆ ತಿಳಿಸಿಯೇ ಹೇಳುತ್ತೇನೆ. ಇದನ್ನು ಮೊದಲ ಐದು ನಿಮಿಷದಲ್ಲಿ ಹೇಳಿಬಿಡಬೇಕು. ಕೆಲವರು ಅದನ್ನು ಕೇಳಿ ಎದ್ದು ಹೋಗುತ್ತಾರೆ, ಹೋಗಲಿ. ಆಮೇಲೆ ಗೊತ್ತಾಗಿ ಮೋಸಹೋದೆ ಅಂದುಕೊಳ್ಳುವುದಕ್ಕಿಂತ ಅದು ವಾಸಿ.

ವರದಿಗೆ ಹೆಸರಿನ ಪಟ್ಟಿ ಬೇಕು ಎಂದು ಕಚೇರಿಯಿಂದ ಫೋನ್ ಬರುತ್ತದೆ. ಕೇಳುವವರಲ್ಲಿ ಕೆಟ್ಟ ಉದ್ದೇಶ ಇರುವುದಿಲ್ಲ, ಅವರ ಫೈಲಿಗೆ ಒಂದು ಹಾಳೆ ಬೇಕಷ್ಟೆ. ಸಂಖ್ಯೆ ಕೊಡಿ, ಹೆಸರು ಕೊಡಬೇಡಿ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017 ಗೋಪ್ಯತೆಯನ್ನು ಹಕ್ಕೆಂದು ಒಪ್ಪಿದೆ ಎಂದು ಒಂದು ಸಾಲು ಬರೆದು ಕಳಿಸಿದರೆ ಸಾಮಾನ್ಯವಾಗಿ ಮತ್ತೆ ಫೋನ್ ಬರುವುದಿಲ್ಲ.

4. ಅಳು ಬರುವ ಭಾಷೆಯಲ್ಲಿ ಮಾತಾಡಲು ಬಿಡಿ

ಕ್ಯಾಂಪಸ್ಸಿನ ಇಂಗ್ಲಿಷಿನಲ್ಲಿ ‘ಆಂಗ್ಸೈಟಿ’, ‘ಟ್ರಾಮಾ’, ‘ಟಾಕ್ಸಿಕ್’ ಧಾರಾಳವಾಗಿ ಓಡಾಡುತ್ತವೆ. ರಾಯಚೂರಿನ ಕಡೆಯ ಹುಡುಗ ಹೇಳುವುದು ಬೇರೆ: ‘ಮೇಡಂ, ಎದಿ ಡವಡವ ಅಂತದ್ರಿ, ಉಣ್ಣಾಕ ಕುಂತ್ರ ತುತ್ತು ಇಳಿಯಂಗಿಲ್ರಿ.’ ಅದರಲ್ಲಿ ನನಗೆ ಬೇಕಾದ್ದೆಲ್ಲ ಇದೆ: ಎಲ್ಲಿ ನೋವು, ಯಾವಾಗ, ಎಷ್ಟು ದಿನದಿಂದ ಎಂದು ಕೇಳಲು ಒಂದು ಎಳೆ. ತೆಲುಗು, ದಖನಿ, ಕನ್ನಡ, ಹಿಂದಿ ನಾಲ್ಕೂ ಗುಂಪಿನಲ್ಲಿ ನಡೆಯುತ್ತವೆ. ಅರ್ಥವಾಗದವರಿಗೆ ಪಕ್ಕದವರು ಪಿಸುಗುಟ್ಟುತ್ತಾರೆ, ಆ ಪಿಸುಮಾತಿನಲ್ಲೇ ಎಷ್ಟೋ ಸ್ನೇಹ ಕುದುರುತ್ತದೆ. ಬೀದರಿನವರಿಗೆ ದಖನಿ ಮನೆಯ ಓಣಿಯಲ್ಲೇ ಸಿಕ್ಕ ಭಾಷೆಯಾದ್ದರಿಂದ ಈ ನಗರದಲ್ಲಿ ಅವರು ಬೇಗ ಹೊಂದಿಕೊಳ್ಳುತ್ತಾರೆ. ಸೆಮಿನಾರಿನಲ್ಲಿ ಇಂಗ್ಲಿಷಿಗೆ ಹೆದರಿ ಬಾಯಿ ಬಿಡದವರೂ ಅವರೇ.

5. ನೇರವಾಗಿ ಕೇಳಿ

‘ಸಾಯಬೇಕು ಅನ್ನಿಸುತ್ತಿದೆಯಾ?’ ಎಂದು ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಭಯ ಅಧ್ಯಾಪಕರಲ್ಲಿ ಬಹಳ. ಕೇಳುವುದರಿಂದ ಆ ಯೋಚನೆ ಹೆಚ್ಚುವುದಿಲ್ಲ ಎಂದು ಈ ಕುರಿತ ಅಧ್ಯಯನಗಳು ಮತ್ತೆ ಮತ್ತೆ ಹೇಳಿವೆ. ಕೇಳಿಸಿಕೊಂಡವರ ಭುಜ ಇಳಿಯುವುದನ್ನು ನಾನೇ ನೋಡಿದ್ದೇನೆ. ಹೌದು ಎಂದರೆ ಉಪದೇಶ ಬೇಡ. ಅಪ್ಪ ಅಮ್ಮನ ತ್ಯಾಗವನ್ನು ನೆನಪಿಸುವುದಂತೂ ಬೇಡ, ಅದು ಹೊರೆಯ ಮೇಲೆ ಹೊರೆ. ಒಬ್ಬರನ್ನೇ ಬಿಡಬೇಡಿ, ಜೊತೆಗೆ ಕೂತು ಫೋನ್ ಮಾಡಿ, ಜೊತೆಗೇ ಆಸ್ಪತ್ರೆಗೆ ಹೋಗಿ.

ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. 2022ರ ಅಕ್ಟೋಬರ್ 10ರಂದು ಶುರುವಾದದ್ದು, ಬೆಂಗಳೂರಿನ ನಿಮ್ಹಾನ್ಸ್ ಅದರ ಬೆನ್ನಿಗಿದೆ. ಹಗಲು ರಾತ್ರಿ ಉಚಿತ, ಭಾಷೆಯನ್ನೂ ಆಯ್ದುಕೊಳ್ಳಬಹುದು. ಎರ್ರಗಡ್ಡದ ಸರ್ಕಾರಿ ಮಾನಸಿಕ ಆಸ್ಪತ್ರೆಯ ಹೆಸರೆತ್ತಿದರೆ ಇಲ್ಲಿ ಜನ ನಗುತ್ತಾರೆ, ‘ಎರ್ರಗಡ್ಡಕ್ಕೆ ಕಳಿಸ್ತೀನಿ’ ಎಂಬುದು ಬೈಗುಳವೇ ಆಗಿಹೋಗಿದೆ. ನಮ್ಮಲ್ಲಿ ಧಾರವಾಡದ ಮಾನಸಿಕ ಆಸ್ಪತ್ರೆಯ ಹೆಸರಿಗೆ ಆದ ಹಾಗೆ. ಗುಂಪಿನಲ್ಲಿ ಆ ತಮಾಷೆಯನ್ನು ಬಾಯಿ ಮುಚ್ಚಿಸದೆ ಆಡಲು ಬಿಟ್ಟು, ನಕ್ಕ ಮೇಲೆ ಅಲ್ಲಿನ ಹೊರರೋಗಿ ವಿಭಾಗಕ್ಕೆ ಹೋಗುವ ದಾರಿ ಹೇಳುತ್ತೇನೆ.

ಪೊಲೀಸ್ ಕೇಸಿನ ಭಯವೂ ಉಂಟು. ಆತ್ಮಹತ್ಯೆಗೆ ಪ್ರಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು 2017ರ ಕಾಯ್ದೆಯ 115ನೇ ಸೆಕ್ಷನ್ ಹೇಳಿತು. ಆ ಪ್ರಯತ್ನವನ್ನು ಅಪರಾಧವೆಂದಿದ್ದ ಹಳೆಯ ದಂಡಸಂಹಿತೆಯ 309ನೇ ಸೆಕ್ಷನ್ನು 2024ರ ಜುಲೈಯಲ್ಲಿ ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲಿ ಉಳಿದಿಲ್ಲ. ಇದನ್ನು ವಾರ್ಡನ್‌ಗಳ ಕೋಣೆಯಲ್ಲಿ ಅಂಟಿಸಿ.

6. ಉಸಿರಾಟದ ವ್ಯಾಯಾಮದಿಂದ ಫೆಲೋಶಿಪ್ ಬರುವುದಿಲ್ಲ

ಈ ಪಾಠವೇ ನನಗೆ ಎಲ್ಲಕ್ಕಿಂತ ಮುಖ್ಯ. ಹೈದರಾಬಾದಿನಲ್ಲಿ ವಿದ್ಯಾರ್ಥಿಗಳ ಮನಸ್ಸಿನ ಮಾತು ಎತ್ತಿದವರಿಗೆ 2016ರ ಜನವರಿ 17ನ್ನು ದಾಟಿಕೊಂಡು ಹೋಗಲು ಆಗುವುದಿಲ್ಲ. ಹೈದರಾಬಾದ್ ವಿಶ್ವವಿದ್ಯಾಲಯದ ದಲಿತ ಸಂಶೋಧಕ ರೋಹಿತ್ ವೇಮುಲ ತೀರಿಕೊಂಡ ದಿನ ಅದು. ಅದಕ್ಕೂ ಮೊದಲು ರೋಹಿತ್ ಸೇರಿ ಐವರು ಸಂಶೋಧಕರನ್ನು ಹಾಸ್ಟೆಲಿನಿಂದ ಹೊರಗೆ ಹಾಕಲಾಗಿತ್ತು. ಅವರು ಕ್ಯಾಂಪಸ್ಸಿನ ಅಂಗಡಿ ಸಾಲಿನ ಬಳಿ ಬಯಲಲ್ಲೇ ಗುಡಾರ ಹಾಕಿ ಅದಕ್ಕೆ ‘ವೆಲಿವಾಡ’ ಎಂದು ಹೆಸರಿಟ್ಟರು, ತೆಲುಗಿನಲ್ಲಿ ಊರ ಹೊರಗಿನ ಕೇರಿ. ಇದಕ್ಕೂ ಎಂಟು ವರ್ಷ ಹಿಂದೆ, 2008ರಲ್ಲಿ, ಅದೇ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಸಂಶೋಧಕ ಸೆಂಥಿಲ್ ಕುಮಾರ್ ತೀರಿಕೊಂಡಿದ್ದರು. ಇಂಥ ಚರಿತ್ರೆ ಇರುವ ನಗರದಲ್ಲಿ ‘ಸಕಾರಾತ್ಮಕವಾಗಿ ಯೋಚಿಸಿ’ ಎಂದು ಮೈಕ್ ಹಿಡಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಗುಂಪಿನಲ್ಲಿ ಬರುವ ಸಂಕಟದಲ್ಲಿ ದೊಡ್ಡ ಪಾಲು ಹಣದ್ದು. ನೆಟ್ ಇಲ್ಲದ ಪಿಎಚ್‌ಡಿ ವಿದ್ಯಾರ್ಥಿಗೆ ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ತಿಂಗಳಿಗೆ 8,000 ರೂಪಾಯಿ. ಜೆಆರ್‌ಎಫ್ ಇದ್ದವರಿಗೆ 2023ರಿಂದ 37,000. ಒಂದೇ ಲ್ಯಾಬು, ಒಂದೇ ಕೆಲಸ. ಆ ಹಣವೂ ತಿಂಗಳುಗಟ್ಟಲೆ ತಡವಾದರೆ ಮೆಸ್ ಬಾಕಿ ಬೆಳೆಯುತ್ತದೆ, ಊರಿಗೆ ದುಡ್ಡು ಕಳಿಸುತ್ತೇನೆ ಎಂದವನು ಊರಿಂದಲೇ ತರಿಸಬೇಕಾಗುತ್ತದೆ. ಇಂಥವನಿಗೆ ಕಣ್ಣು ಮುಚ್ಚಿ ಉಸಿರು ಎಣಿಸು ಎನ್ನುವುದು ಅವಮಾನ.

ಹಾಗಾಗಿ ನಮ್ಮ ಗುಂಪಿನಲ್ಲಿ ಮೊದಲು ದೂರನ್ನು ಎರಡಾಗಿ ಬೇರ್ಪಡಿಸುತ್ತೇವೆ: ಕಚೇರಿ ಸರಿಪಡಿಸಬೇಕಾದ್ದು ಯಾವುದು, ನಾವು ಹಂಚಿಕೊಂಡು ತಾಳಬೇಕಾದ್ದು ಯಾವುದು. ಮೊದಲನೆಯದಕ್ಕೆ ಅರ್ಜಿ. ಯಾರಿಗೆ ಬರೆಯಬೇಕು, ಸ್ವೀಕೃತಿಯ ಮುದ್ರೆ ಹೇಗೆ ಪಡೆಯಬೇಕು, ಎಷ್ಟು ದಿನ ಕಾದು ಮತ್ತೆ ನೆನಪಿಸಬೇಕು, ಇದೆಲ್ಲ ಸೀನಿಯರ್‌ಗಳೇ ಜೂನಿಯರ್‌ಗಳಿಗೆ ಕಲಿಸುತ್ತಾರೆ. ಜಾತಿಯ ಅವಮಾನ ಬಂದಾಗ ಸಮಾನ ಅವಕಾಶ ಕೋಶ, ತಾರತಮ್ಯ ತಡೆ ಅಧಿಕಾರಿ ಇರಲೇಬೇಕೆಂದು ಯುಜಿಸಿಯ 2012ರ ನಿಯಮಗಳೇ ಹೇಳಿದ್ದವು. ಆ ಅಧಿಕಾರಿ ಯಾರು, ಯಾವ ಕೋಣೆ ಎಂದು ಗುಂಪು ಶುರುವಾಗುವ ಮೊದಲೇ ಹುಡುಕಿ ಇಟ್ಟುಕೊಳ್ಳುತ್ತೇನೆ. ಸಮಾಲೋಚಕಿ ಆಡಳಿತದ ಸಂಬಳ ತಿಂದು ಆಡಳಿತದ ವಿರುದ್ಧ ಅರ್ಜಿ ಬರೆಸುತ್ತಾಳೆ ಎಂಬ ಮಾತು ಬರುತ್ತದೆ. ಬರಲಿ.

ಎರಡನೆಯ ರಾಶಿಯಲ್ಲಿ ಉಳಿಯುವುದು ಒಂಟಿತನ, ಪ್ರೀತಿ ಮುರಿದದ್ದು, ಮನೆಯವರ ಮದುವೆಯ ಒತ್ತಾಯ, ತಾನು ಇಲ್ಲಿಗೆ ತಕ್ಕವನಲ್ಲ ಎಂಬ ಅಳುಕು. ಗುಂಪು ಇದಕ್ಕೆ ನಿಜಕ್ಕೂ ಕೆಲಸ ಮಾಡುತ್ತದೆ. ಆ ಅಳುಕು ಪಕ್ಕದ ಖುರ್ಚಿಯ ಚಿನ್ನದ ಪದಕದವಳಿಗೂ ಇದೆ ಎಂದು ತಿಳಿದ ಸಂಜೆ ಹುಡುಗರ ಕೂರುವ ಭಂಗಿಯೇ ಬದಲಾಗುತ್ತದೆ.

7. ಕೇಳುವವರಿಗೂ ರಜೆ ಬೇಕು

1953ರಲ್ಲಿ ಲಂಡನ್ನಿನ ಪಾದ್ರಿ ಚಾಡ್ ವರಾ ಸಂಕಟದಲ್ಲಿರುವವರು ಫೋನ್ ಮಾಡಿ ಎಂದು ಕರೆದಾಗ ಜನ ಚರ್ಚಿಗೇ ಬರತೊಡಗಿದರು. ಕಾಯುವವರಿಗೆ ಚಹಾ ಕೊಟ್ಟು ಮಾತಾಡಿಸಲು ಕೆಲವು ಸ್ವಯಂಸೇವಕರು ಕೂತರು. ಅವರೊಂದಿಗೆ ಮಾತಾಡಿದ ಎಷ್ಟೋ ಮಂದಿಗೆ ಆಮೇಲೆ ಪಾದ್ರಿಯನ್ನು ನೋಡುವ ಅಗತ್ಯವೇ ಬೀಳಲಿಲ್ಲ. ಸಮಾರಿಟನ್ಸ್ ಸಹಾಯವಾಣಿ ಬೆಳೆದದ್ದು ಹಾಗೆ. 1970ರಲ್ಲಿ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳೇ ರಾತ್ರಿ ಕೂತು ಕೇಳುವ ‘ನೈಟ್‌ಲೈನ್’ ಆರಂಭವಾಯಿತು. ಹೈದರಾಬಾದಿನಲ್ಲಿ ‘ರೋಶನಿ’ ಸಹಾಯವಾಣಿ 1990ರ ದಶಕದಿಂದ ಇದೇ ದಾರಿಯಲ್ಲಿದೆ.

ತರಬೇತಿ ಪಡೆದ ವಿದ್ಯಾರ್ಥಿ ಕೇಳುಗರು ನಮ್ಮಲ್ಲೂ ಇದ್ದಾರೆ. ಒಳ್ಳೆಯ ಕೇಳುಗ ಎಂದು ಹೆಸರಾದ ಹುಡುಗಿಯ ಬಾಗಿಲನ್ನು ರಾತ್ರಿ ಎರಡಕ್ಕೂ ತಟ್ಟುತ್ತಾರೆ, ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಅವಳೇ ಸೊರಗುತ್ತಾಳೆ. ಪಾಳಿ ಹಾಕಿ. ಪರೀಕ್ಷೆಯ ತಿಂಗಳು ಅವಳನ್ನು ಪಟ್ಟಿಯಿಂದ ತೆಗೆಯಿರಿ. ತನ್ನ ಕೈಮೀರಿದ್ದನ್ನು ಒಂದೇ ಫೋನಿನಲ್ಲಿ ದಾಟಿಸಲು ಒಬ್ಬ ವೃತ್ತಿಪರರು ಇದ್ದಾರೆ ಎಂದು ಅವಳಿಗೆ ಗೊತ್ತಿರಬೇಕು, ಆ ಫೋನು ಎತ್ತಲೂಬೇಕು.

8. ಅಕ್ಟೋಬರ್ 10ನ್ನು ಬಿಟ್ಟು ಉಳಿದ ಕ್ಯಾಲೆಂಡರ್ ನೋಡಿ

ವಿಶ್ವ ಮಾನಸಿಕ ಆರೋಗ್ಯ ದಿನದಂದು ಎಲ್ಲ ಕ್ಯಾಂಪಸ್ಸಿನಲ್ಲೂ ಕಾರ್ಯಕ್ರಮ. ಕಷ್ಟದ ದಿನಗಳು ಬೇರೆ: ಫಲಿತಾಂಶದ ವಾರ, ಮೇ ತಿಂಗಳಲ್ಲಿ ಮೆಸ್ ಮುಚ್ಚಿ ಊರಿಗೆ ಹೋಗಲಾರದವರು ಉಳಿದಾಗ, ದಸರೆ ಮುಗಿಸಿ ಮನೆಯ ಜಗಳ ಹೊತ್ತು ಮರಳಿದಾಗ, ಫೆಲೋಶಿಪ್ ಅವಧಿ ಮುಗಿದೂ ಪ್ರಬಂಧ ಮುಗಿಯದಾಗ. 2019ರ ಏಪ್ರಿಲ್‌ನಲ್ಲಿ ತೆಲಂಗಾಣದ ಇಂಟರ್‌ಮೀಡಿಯೆಟ್ ಫಲಿತಾಂಶ ತಪ್ಪುಗಳೊಂದಿಗೆ ಹೊರಬಂದ ಬಳಿಕ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಹೋದರು. ಚೆನ್ನೈನ ‘ಸ್ನೇಹ’ ಆತ್ಮಹತ್ಯೆ ತಡೆ ಸಂಸ್ಥೆಯ ಡಾ. ಲಕ್ಷ್ಮೀ ವಿಜಯಕುಮಾರ್ ಅನುತ್ತೀರ್ಣರಿಗೆ ಅದೇ ವರ್ಷ ಪೂರಕ ಪರೀಕ್ಷೆ ಬೇಕೆಂದು ವಾದಿಸಿದ್ದು ಇಂಥ ಸಾವುಗಳನ್ನು ತಡೆಯಲೆಂದೇ. ಪೂರಕ ಪರೀಕ್ಷೆಯ ಒಂದು ಆದೇಶ ನನ್ನ ನೂರು ಕಾರ್ಯಾಗಾರಕ್ಕಿಂತ ಹೆಚ್ಚು ಮಾಡುತ್ತದೆ.

9. ಲೆಕ್ಕ ಮತ್ತು ಚಹಾ

2025ರ ಜುಲೈಯಲ್ಲಿ ಸುಪ್ರೀಂ ಕೋರ್ಟು, ವಿಶಾಖಪಟ್ಟಣದಲ್ಲಿ ತೀರಿಕೊಂಡ ನೀಟ್ ವಿದ್ಯಾರ್ಥಿನಿಯ ತಂದೆಯ ಮೊಕದ್ದಮೆಯಲ್ಲಿ, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗೆ ಕನಿಷ್ಠ ಒಬ್ಬ ಅರ್ಹ ಸಮಾಲೋಚಕ, ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿ ತರಬೇತಿ ಎಂದು ಆದೇಶಿಸಿತು. ಒಳ್ಳೆಯದು. ಆದೇಶ ಬಂದಲ್ಲಿ ವರದಿಯೂ ಬರುತ್ತದೆ, ವರದಿಯಲ್ಲಿ ‘ಇಷ್ಟು ಜನ ಪ್ರಯೋಜನ ಪಡೆದರು’ ಎಂಬ ಸಾಲು. ನಾನು ನೋಡುವ ಅಂಕಿ ಒಂದೇ: ಮೊದಲ ವಾರ ಬಂದವರಲ್ಲಿ ಎಷ್ಟು ಜನ ಮೂರನೇ ವಾರಕ್ಕೂ ಬಂದರು. ನಗುಮುಖದ ಚಿತ್ರಕ್ಕೆ ಟಿಕ್ ಹಾಕುವ ಫಾರಂನಿಂದ ನನಗೆ ಇದುವರೆಗೆ ಏನೂ ತಿಳಿದಿಲ್ಲ.

ಬ್ಯಾನರಿಗೆ, ಅತಿಥಿಯ ಶಾಲಿಗೆ ಹಣ ಮಂಜೂರಾಗುತ್ತದೆ. ಚಹಾ, ಉಸ್ಮಾನಿಯಾ ಬಿಸ್ಕತ್ತಿಗೆ ‘ಬಜೆಟ್ಟಿನಲ್ಲಿ ಅವಕಾಶವಿಲ್ಲ’. ತಿಂಗಳ ಕೊನೆಯಲ್ಲಿ ಬಿಸ್ಕತ್ತಿಗಾಗಿಯೇ ಬರುವವರು ಇರುತ್ತಾರೆ, ಬಂದವರು ಮಾತೂ ಆಡುತ್ತಾರೆ. ಆದ್ದರಿಂದ ಪ್ರಸ್ತಾವ ಬರೆಯುವಾಗ ಚಹಾದ ಖರ್ಚನ್ನು ‘ಕಾರ್ಯಾಗಾರ ಸಾಮಗ್ರಿ’ ಎಂಬ ತಲೆಬರಹದಡಿ, ಎಂಟೂ ವಾರಕ್ಕೆ ಸೇರಿಸಿ ಮೊದಲೇ ಹಾಕಿಬಿಡಿ.