ಔಷಧ ಕೊಡುವುದು ಅರ್ಧ ಕೆಲಸ, ಹೇಳಿಸಿ ಕೇಳುವುದು ಇನ್ನರ್ಧ

ಯಲಬುರ್ಗಾ ಸೀಮೆಯಲ್ಲಿ ಹೊಲದ ಕೆಲಸ ಇರುವ ದಿನ ಎಷ್ಟೋ ಮನೆಗಳಲ್ಲಿ ಮುಂಜಾನೆ ಬರೀ ಚಹಾ. ರೊಟ್ಟಿಯ ಬುತ್ತಿ ಬಿಚ್ಚುವುದು ಹೊಲದಲ್ಲೇ, ಹತ್ತು-ಹನ್ನೊಂದರ ಹೊತ್ತಿಗೆ. ಇಂಥ ಮನೆಯ ಶುಗರ್ ಇರುವ ಹಿರಿಯರಿಗೆ "ಮುಂಜಾನೆ ಊಟಕ್ಕಿಂತ ಅರ್ಧ ತಾಸು ಮೊದಲು ಇನ್ಸುಲಿನ್" ಎಂದಷ್ಟೇ ಹೇಳಿ ಕಳಿಸಿದರೆ, ಅವರು ಎಂಟಕ್ಕೆ ಸೂಜಿ ಚುಚ್ಚಿಕೊಂಡು ಹೊಲದ ದಾರಿ ಹಿಡಿಯುತ್ತಾರೆ. ಕಡಲೆ ಸಾಲಿನ ನಡುವೆ ಮೈಯೆಲ್ಲ ಬೆವರು, ಕೈ ನಡುಕ, ಕಣ್ಣು ಕತ್ತಲೆ. ವೈದ್ಯರು ಬರೆದದ್ದು ಸರಿ, ಸಿಸ್ಟರ್ ಕೊಟ್ಟದ್ದೂ ಸರಿ. ಕೇಳದೇ ಉಳಿದದ್ದು ಒಂದೇ ಮಾತು: "ನೀವು ರೊಟ್ಟಿ ತಿನ್ನೋದು ಎಷ್ಟು ಗಂಟೇಕ್ರಿ?"

ಈ ಪ್ರಶ್ನೆಯೂ ಔಷಧದ ಡೋಸಿನ ಭಾಗವೇ ಎಂಬುದು ನನ್ನ ಗಟ್ಟಿ ನಂಬಿಕೆ. ತಾಲ್ಲೂಕು ಆಸ್ಪತ್ರೆಗೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಹೊಸದಾಗಿ ಬಂದ ಶುಶ್ರೂಷಾಧಿಕಾರಿಗಳು, ನರ್ಸಿಂಗ್ ಓದುತ್ತಿರುವವರು ಮತ್ತು ಮನೆಯಲ್ಲಿ ಹಿರಿಯರಿಗೆ, ಮಕ್ಕಳಿಗೆ ಔಷಧ ಕೊಡುವವರು ಕೆಳಗಿನ ಹಂತಗಳನ್ನು ರೂಢಿಸಿಕೊಳ್ಳಬೇಕು.

ಚೀಟಿಯಿಂದ ಶುರು

ಔಷಧದ ಕಪಾಟು ತೆರೆಯುವ ಮೊದಲು ಚೀಟಿಯನ್ನು ಪೂರ್ತಿ ಓದಿ. ಅಕ್ಷರ ತಿಳಿಯದಿದ್ದರೆ ಊಹಿಸಬೇಡಿ, ಬರೆದವರನ್ನೇ ಕೇಳಿ. ಹಿರಿಯ ವೈದ್ಯರನ್ನು ಮತ್ತೆ ಕೇಳುವುದು ಹೇಗೆ ಎಂಬ ಸಂಕೋಚದಿಂದಾಗಿಯೇ ಎಷ್ಟೋ ತಪ್ಪುಗಳು ಆಗುತ್ತವೆ. ಫೋನಿನಲ್ಲಿ ಹೇಳಿದ ಔಷಧವನ್ನು ಆಗಲೇ ಬರೆದುಕೊಂಡು, ಬರೆದದ್ದನ್ನು ಅವರಿಗೇ ಓದಿ ಹೇಳಿ, ಬಂದಾಗ ಸಹಿ ಮಾಡಿಸಿಕೊಳ್ಳಿ. ಬಿಂದುವಿನ ಮೇಲೆ ಕಣ್ಣಿರಲಿ: ".5" ಎಂದು ಬರೆದದ್ದು 5 ಆಗಿ, "5.0" ಎಂದು ಬರೆದದ್ದು 50 ಆಗಿ ಕಾಣುತ್ತದೆ.

ಮೆಟ್‌ಫಾರ್ಮಿನ್ ಶುಗರ್‌ಗೆ, ಮೆಟ್ರೊನಿಡಜೋಲ್ ಆಮಶಂಕೆಗೆ. ಎರಡೂ ನಮ್ಮ ಕೇಂದ್ರಗಳಲ್ಲಿ ದಿನನಿತ್ಯ ಓಡುವ ಔಷಧಗಳು, ಹೆಸರಿನ ಆರಂಭವೂ ಒಂದೇ. ಆದ್ದರಿಂದ ಲೇಬಲ್ಲನ್ನು ಮೂರು ಸಲ ಓದಿ: ಕಪಾಟಿನಿಂದ ತೆಗೆಯುವಾಗ, ಡೋಸ್ ತೆಗೆಯುವಾಗ, ಮರಳಿ ಇಡುವಾಗ.

ಚೀಟಿಯ ಜೊತೆಗೆ ರೋಗಿಯ ಕೈಚೀಲವನ್ನೂ ನೋಡಬೇಕು. "ಈಗ ಏನೇನು ಗುಳಿಗಿ ನುಂಗಾಕತ್ತೀರಿ, ಎಲ್ಲಾ ಹೊರಗ ತಗೀರಿ" ಎಂದರೆ ಕಿರಾಣಿ ಅಂಗಡಿಯ ಮೈಕೈ ನೋವಿನ ಗುಳಿಗೆ, ನಾಟಿ ಔಷಧದ ಪುಡಿ, ಬೇರೆ ಊರಿನ ಡಾಕ್ಟರು ಬರೆದ ಅದೇ ಬಿಪಿ ಗುಳಿಗೆಯ ಇನ್ನೊಂದು ಹೆಸರು, ಎಲ್ಲ ಹೊರಗೆ ಬರುತ್ತವೆ. ಅಲರ್ಜಿಯನ್ನು ಕೇಳುವಾಗಲೂ "ಅಲರ್ಜಿ ಐತೇನ್ರಿ?" ಎಂದರೆ ಹೆಚ್ಚಿನವರು ಇಲ್ಲ ಎನ್ನುತ್ತಾರೆ. "ಯಾವುದಾರ ಸೂಜಿ ಮಾಡಿಸಿಕೊಂಡಾಗ ಮೈಮ್ಯಾಲೆ ದದ್ದು ಎದ್ದಿದ್ದುವೇನು, ದಮ್ಮು ಹತ್ತಿತ್ತೇನು?" ಎಂದು ಕೇಳಿ.

ಹೆಸರನ್ನು ಅವರ ಬಾಯಿಂದಲೇ ಕೇಳಿ

ಕೊಪ್ಪಳ ಜಿಲ್ಲೆಯಲ್ಲಿ ಗವಿಸಿದ್ದಪ್ಪ ಎಂಬ ಹೆಸರು ಊರೂರಿಗೂ ಇದೆ. ಒಂದೇ ವಾರ್ಡಿನಲ್ಲಿ ಇಬ್ಬರು ಗವಿಸಿದ್ದಪ್ಪ, ಇಬ್ಬರು ಹನುಮವ್ವ ಸಿಗುವುದು ಹೊಸತೇನಲ್ಲ. "ಗವಿಸಿದ್ದಪ್ಪ ಅಂದ್ರ ನೀವ ಹೌದಲ್ರಿ?" ಎಂದರೆ ಕಿವಿ ಮಂದವಾದ ಅಜ್ಜ ತಲೆಯಾಡಿಸುತ್ತಾರೆ. "ನಿಮ್ಮ ಪೂರ್ತಿ ಹೆಸರೇನ್ರಿ, ತಂದಿ ಹೆಸರೇನು, ಯಾವೂರು?" ಎಂದು ಕೇಳಿ, ಉತ್ತರವನ್ನು ಕೇಸ್ ಶೀಟಿನ ಜೊತೆ ತಾಳೆ ಹಾಕಿ. ಮಂಚದ ನಂಬರನ್ನು ನೆಚ್ಚಬೇಡಿ. ಗಾಳಿ ಬರುವ ಕಿಟಕಿ ಪಕ್ಕಕ್ಕೆ ಮಂಚ ಬದಲಿಸಿಕೊಳ್ಳುವುದು ನಮ್ಮಲ್ಲಿ ಸಾಮಾನ್ಯ.

ಲೆಕ್ಕ ಹಾಳೆಯ ಮೇಲೆ

ಮಕ್ಕಳ ಡೋಸನ್ನು ಬಾಯಿಲೆಕ್ಕದಲ್ಲಿ ಮಾಡಲೇಬಾರದು. ಹತ್ತು ಕೆ.ಜಿ. ತೂಕದ ಮಗುವಿಗೆ ಜ್ವರ ಬಂದಿದೆ, ಪ್ಯಾರಾಸಿಟಮಾಲ್ ಕೆ.ಜಿ.ಗೆ 15 ಮಿ.ಗ್ರಾಂ.ನಂತೆ ಬರೆದಿದ್ದಾರೆ ಎನ್ನೋಣ. ಬೇಕಾದದ್ದು 150 ಮಿ.ಗ್ರಾಂ. ಈಗ ಬಾಟಲಿ ನೋಡಿ. 5 ಮಿ.ಲೀ.ಗೆ 125 ಮಿ.ಗ್ರಾಂ. ಇರುವ ಸಿರಪ್ ಆದರೆ 6 ಮಿ.ಲೀ. ಅದೇ 5 ಮಿ.ಲೀ.ಗೆ 250 ಮಿ.ಗ್ರಾಂ. ಇದ್ದರೆ 3 ಮಿ.ಲೀ. ಒಂದು ಮಿ.ಲೀ.ಗೆ 100 ಮಿ.ಗ್ರಾಂ. ಇರುವ ಡ್ರಾಪ್ಸ್ ಆದರೆ ಒಂದೂವರೆ ಮಿ.ಲೀ. ಮಾತ್ರ. ಒಂದೇ ಔಷಧ, ಮೂರು ಬಾಟಲಿ, ಮೂರು ಅಳತೆ. ಸಿರಪ್ಪಿನ ಆರು ಮಿ.ಲೀ. ಲೆಕ್ಕದಲ್ಲಿ ಡ್ರಾಪ್ಸ್ ಕುಡಿಸಿದರೆ ಮಗುವಿಗೆ ನಾಲ್ಕು ಪಟ್ಟು ಔಷಧ ಹೋಗುತ್ತದೆ. ಪ್ಯಾರಾಸಿಟಮಾಲ್ ಅತಿಯಾದರೆ ಪೆಟ್ಟು ಬೀಳುವುದು ಲಿವರ್‌ಗೆ.

ತಾಯಿಗೆ "ಒಂದು ಚಮಚ" ಎಂದು ಹೇಳಬೇಡಿ. ಅಡುಗೆಮನೆಯ ಚಮಚಗಳು ಒಂದೊಂದು ಅಳತೆಯವು. ಬಾಟಲಿ ಜೊತೆ ಬಂದ ಮುಚ್ಚಳದಲ್ಲಿ ಅಥವಾ ಸೂಜಿ ಇಲ್ಲದ ಸಿರಿಂಜಿನಲ್ಲಿ ಅಳೆದು ತೋರಿಸಿ, ಆಮೇಲೆ ಅವರ ಕೈಯಿಂದಲೇ ಅಳೆಸಿ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಸಿರಪ್ ಬೇಡವೆಂದು ಕೇಂದ್ರ ಆರೋಗ್ಯ ಇಲಾಖೆ 2025ರ ಅಕ್ಟೋಬರ್‌ನಲ್ಲಿ ಎಚ್ಚರಿಸಿದೆ. ಅಂಗಡಿಯಿಂದ ತಂದು ಕುಡಿಸುವ ರೂಢಿ ಇರುವ ಮನೆಗಳಿಗೆ ಇದನ್ನು ಹೇಳಲೇಬೇಕು. ಭೇದಿಗೆ ಕೊಡುವ ಓಆರ್‌ಎಸ್‌ನ ದೊಡ್ಡ ಪೊಟ್ಟಣಕ್ಕೆ ಪೂರ್ತಿ ಒಂದು ಲೀಟರ್ ನೀರು. ಅರ್ಧ ಪೊಟ್ಟಣವನ್ನು ಲೋಟದ ನೀರಿಗೆ ಹಾಕಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಅಪಾಯ.

ಇನ್ಸುಲಿನ್: ಮುಚ್ಚಳದ ಬಣ್ಣ ನೋಡಿ

ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಗುವ ಇನ್ಸುಲಿನ್ ಬಾಟಲಿಗಳು ಹೆಚ್ಚಾಗಿ ಒಂದು ಮಿ.ಲೀ.ಗೆ 40 ಯೂನಿಟ್‌ನವು. ಇವಕ್ಕೆ ಕೆಂಪು ಮುಚ್ಚಳದ ಸಿರಿಂಜು. ಪೆನ್ನಿನ ಕಾರ್ಟ್ರಿಜ್ 100 ಯೂನಿಟ್‌ನದು, ಆ ಸಾಂದ್ರತೆಯ ಸಿರಿಂಜಿಗೆ ಕಿತ್ತಳೆ ಮುಚ್ಚಳ. ಅದಲು ಬದಲಾದರೆ ಏನಾಗುತ್ತದೆ ನೋಡಿ. 40ರ ಬಾಟಲಿಯಿಂದ ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ರೋಗಿಗೆ ಸಿಗುವುದು 8 ಯೂನಿಟ್. 100ರ ಇನ್ಸುಲಿನ್ನನ್ನು ಕೆಂಪು ಸಿರಿಂಜಿನಲ್ಲಿ ಅದೇ 20ರ ಗೆರೆವರೆಗೆ ಎಳೆದರೆ 50 ಯೂನಿಟ್ ಹೋಗುತ್ತದೆ, ಪ್ರಾಣಕ್ಕೇ ಕುತ್ತು. ಹೀಗಾಗಿ ಬಾಟಲಿ ಮತ್ತು ಸಿರಿಂಜನ್ನು ಅಕ್ಕಪಕ್ಕ ಹಿಡಿದು ಇನ್ನೊಬ್ಬ ಸಿಸ್ಟರ್‌ಗೆ ತೋರಿಸಿಯೇ ಚುಚ್ಚಬೇಕು. ಹೆಪಾರಿನ್, ಮೆಗ್ನೀಷಿಯಂ ಸಲ್ಫೇಟ್, ಪೊಟ್ಯಾಷಿಯಂ ಕ್ಲೋರೈಡ್‌ಗೂ ಇದೇ ಎರಡು ಜೋಡಿ ಕಣ್ಣಿನ ನಿಯಮ. ಪೊಟ್ಯಾಷಿಯಂ ಅಂತೂ ದ್ರಾವಣದಲ್ಲಿ ಬೆರೆಸದೆ ನೇರ ರಕ್ತನಾಳಕ್ಕೆ ಎಂದೂ ಹೋಗಕೂಡದು, ಹೃದಯ ನಿಂತೇ ಹೋಗುತ್ತದೆ.

ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ಫ್ರಿಜ್ ಇಲ್ಲದ ಮನೆಗೆ ಇನ್ಸುಲಿನ್ ಕಳಿಸುವಾಗ ಮಣ್ಣಿನ ಮಡಕೆಯ ಉಪಾಯವನ್ನು ಹೇಳಿಕೊಡಿ: ದೊಡ್ಡ ಮಡಕೆಯೊಳಗೆ ಸಣ್ಣ ಮಡಕೆ, ನಡುವೆ ಒದ್ದೆ ಮರಳು, ಸಣ್ಣದರಲ್ಲಿ ಒಣ ಡಬ್ಬಿ, ಅದರೊಳಗೆ ಬಾಟಲಿ. ನೆರಳಿನಲ್ಲಿಟ್ಟು ಮರಳು ಆರದಂತೆ ನೋಡಿಕೊಂಡರೆ ಸಾಕು. ಫ್ರಿಜ್ ಇದ್ದವರು ಐಸ್ ಕಟ್ಟುವ ಭಾಗದಲ್ಲಿ ಇಡಬಾರದು, ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು.

ಶುಗರ್ ಇಳಿದಾಗ ಮಾಡಬೇಕಾದದ್ದನ್ನು ರೋಗಿಗಷ್ಟೇ ಅಲ್ಲ, ಹೊಲಕ್ಕೆ ಜೊತೆಗೆ ಹೋಗುವವರಿಗೂ ಕಲಿಸಿ. ಬೆವರು, ನಡುಕ, ತಡವರಿಸುವ ಮಾತು ಕಂಡರೆ ತಕ್ಷಣ ಮೂರು ಟೀ ಚಮಚ ಸಕ್ಕರೆ ಅಥವಾ ಅಷ್ಟೇ ಬೆಲ್ಲ ನೀರಿನಲ್ಲಿ ಕಲಸಿ ಕೊಡಿ, ಹದಿನೈದು ನಿಮಿಷಕ್ಕೆ ಮತ್ತೆ ನೋಡಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಫೋನ್ ಮಾಡಿ. ಬುತ್ತಿ ಹೊಲದಲ್ಲಿ ಬಿಚ್ಚುವವರ ಇನ್ಸುಲಿನ್ ವೇಳೆಯನ್ನು ಅವರ ಊಟಕ್ಕೆ ಹೊಂದಿಸುವಂತೆ ವೈದ್ಯರಿಗೆ ತಿಳಿಸುವುದು ಸಿಸ್ಟರ್ ಕೆಲಸ. ಊಟದ ಹೊತ್ತು ಏರುಪೇರಾಗುವ ದಿನಗಳು, ಅಂದರೆ ಶ್ರಾವಣ ಸೋಮವಾರದ ಉಪವಾಸ, ರಂಜಾನ್ ರೋಜಾ, ಗವಿಮಠದ ಜಾತ್ರೆಗೆ ಪಾದಯಾತ್ರೆ, ಹುಲಿಗೆಮ್ಮನ ಹುಣ್ಣಿಮೆ ಇವನ್ನೂ ಮೊದಲೇ ಕೇಳಿಟ್ಟುಕೊಳ್ಳಿ.

ಸಲಾಯಿನ್ ಹಚ್ಚುವ ಮೊದಲು

"ಒಂದು ಸಲಾಯಿನ್ ಹಚ್ಚಿಬಿಡ್ರಿ, ಶಕ್ತಿ ಬರ್ತೈತಿ" ಎಂದು ಕೇಳುವವರು ಬಹಳ. ಬಾಯಲ್ಲಿ ನುಂಗಲು ಆಗುವವರಿಗೆ ಗುಳಿಗೆಯೇ ಸುರಕ್ಷಿತ ಎಂದು ತಾಳ್ಮೆಯಿಂದ ಹೇಳಬೇಕು. ಅಗತ್ಯವಿದ್ದರೆ ಹನಿಯ ಲೆಕ್ಕ ಹಾಕಿ: 500 ಮಿ.ಲೀ. ನಾಲ್ಕು ತಾಸಿನಲ್ಲಿ ಹೋಗಬೇಕು, ಸೆಟ್ಟಿನ ಮೇಲೆ ಮಿ.ಲೀ.ಗೆ 20 ಹನಿ ಎಂದಿದೆ ಎಂದಾದರೆ ನಿಮಿಷಕ್ಕೆ ಸುಮಾರು 42 ಹನಿ. ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ನನ್ನು ಕ್ಯಾಲ್ಸಿಯಂ ಇರುವ ರಿಂಗರ್ ಲ್ಯಾಕ್ಟೇಟ್ ಜೊತೆ ಬೆರೆಸಬೇಡಿ, ನಳಿಕೆಯಲ್ಲೇ ಹರಳು ಕಟ್ಟುತ್ತದೆ.

ಹಾವು ಕಡಿದವರಿಗೆ ಪ್ರತಿವಿಷ ಏರಿಸುವಾಗ ಅಡ್ರಿನಲಿನ್ ಸಿರಿಂಜಿನಲ್ಲಿ ಎಳೆದು ಕೈಗೆಟಕುವಂತೆ ಇಟ್ಟಿರಬೇಕು. ಮೊದಲ ನಿಮಿಷಗಳಲ್ಲೇ ಮೈ ಕೆರೆತ, ಉಬ್ಬಸ ಬರಬಹುದು. ಆ ಹೊತ್ತಿನಲ್ಲಿ ಮಂಚದ ಪಕ್ಕ ಬಿಟ್ಟು ಕದಲಬೇಡಿ. ಹಾವು ಕಡಿತವನ್ನು ಕರ್ನಾಟಕ 2024ರಲ್ಲಿ ಅಧಿಸೂಚಿತ ಕಾಯಿಲೆಯೆಂದು ಘೋಷಿಸಿರುವುದರಿಂದ ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕು.

ಕೊಟ್ಟ ಮೇಲೆ ಬರೆಯಿರಿ, ಕೊಡುವ ಮೊದಲಲ್ಲ. ಔಷಧ, ಡೋಸ್, ವೇಳೆ, ಕೊಟ್ಟ ದಾರಿ (ಬಾಯಿಯೋ ಸೂಜಿಯೋ), ಸಹಿಯ ಜೊತೆಗೆ ದ್ರಾವಣದ ಬ್ಯಾಚ್ ನಂಬರೂ ಇರಲಿ. 2024ರ ನವೆಂಬರ್‌ನಲ್ಲಿ ಪಕ್ಕದ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಸಂಶಯ ಹೋದದ್ದು ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ, ಸರ್ಕಾರ ಅದರ ಬಳಕೆಯನ್ನು ತಡೆಹಿಡಿಯಿತು. ಯಾವ ಬಾಟಲಿ ಯಾರಿಗೆ ಹೋಯಿತು ಎಂಬುದು ವಾರ್ಡಿನ ದಾಖಲೆಯಲ್ಲಿ ಇಲ್ಲದಿದ್ದರೆ ಅಂಥ ತನಿಖೆ ದಾರಿ ಕಾಣದೆ ನಿಲ್ಲುತ್ತದೆ. ಔಷಧದಿಂದ ತೊಂದರೆಯಾದ ಅನುಮಾನ ಬಂದರೆ ರಾಷ್ಟ್ರೀಯ ಔಷಧ ನಿಗಾ ಕಾರ್ಯಕ್ರಮದ 1800-180-3024 ಸಂಖ್ಯೆಗೆ ಸಿಸ್ಟರ್ ಆಗಲಿ, ರೋಗಿಯೇ ಆಗಲಿ ತಿಳಿಸಬಹುದು.

ಹೇಳಿ, ಹೇಳಿಸಿ

ಡಿಸ್ಚಾರ್ಜ್ ದಿನ ಎಲ್ಲ ವಿವರಿಸಿ "ತಿಳೀತಲ್ರಿ?" ಎಂದರೆ ಎಲ್ಲರ ಉತ್ತರವೂ "ಹೂಂ". ಅದರ ಬದಲು ಹೀಗೆ ಕೇಳಿ: "ಅಜ್ಜಾರ, ನಾ ಸರಿಯಾಗಿ ಹೇಳೇನೋ ಇಲ್ಲೋ ನನಗ ಗೊತ್ತಾಗ್ಬೇಕು. ಈ ಬಿಪಿ ಗುಳಿಗಿ ಮನ್ಯಾಗ ಹೆಂಗ ತಗೊಂತೀರಿ, ಒಮ್ಮೆ ಹೇಳ್ರಿ." ಅಜ್ಜ ಹೇಳುತ್ತಾರೆ: "ತಲಿ ಸಿಡಿದಾಗ ಒಂದು ನುಂಗ್ತೀನವಾ." ಐದು ನಿಮಿಷ ವಿವರಿಸಿದರೂ ಹೊರಬರದಿದ್ದ ಸತ್ಯ ಆ ಒಂದು ಮಾತಿನಲ್ಲಿ ಹೊರಬಿತ್ತು. ಬಿಪಿ ಗುಳಿಗೆ ತಲೆನೋವಿಗಲ್ಲ, ದಿನವೂ ಬೇಕು ಎಂದು ಮತ್ತೆ ಹೇಳಿ, ಮತ್ತೆ ಹೇಳಿಸಿ. ಸೊಸೆ ಅಥವಾ ಮೊಮ್ಮಗ ಜೊತೆಗಿದ್ದರೆ ಅವರಿಂದಲೂ ಹೇಳಿಸಿ.

ಓದು ಬಾರದವರಿಗೆ ಗುಳಿಗೆ ಪಟ್ಟಿಯ ಮೇಲೆ ಸ್ಕೆಚ್ ಪೆನ್ನಿನಿಂದ ಮುಂಜಾನೆಗೆ ಸೂರ್ಯ, ರಾತ್ರಿಗೆ ಚಂದ್ರ ಬರೆದುಕೊಡಿ. "ಬಿಳೀ ಗುಳಿಗಿ" ಎಂದು ಗುರುತು ಹೇಳಬೇಡಿ, ಮುಂದಿನ ತಿಂಗಳ ಸರಬರಾಜಿನಲ್ಲಿ ಅದೇ ಔಷಧದ ಬಣ್ಣ ಬೇರೆ ಇರಬಹುದು. ಪಟ್ಟಿಯಿಂದ ಗುಳಿಗೆ ಕತ್ತರಿಸಿ ಕೊಡುವಾಗ ಹೆಸರು, ಅವಧಿ ಅಚ್ಚಾದ ತುದಿಯನ್ನು ಕಡೆಗೆ ಉಳಿಸಿ.

ಆಗುವುದನ್ನು ಮೊದಲೇ ಹೇಳಿದರೆ ಔಷಧ ನಡುವೆ ನಿಲ್ಲುವುದಿಲ್ಲ. ಗರ್ಭಿಣಿಯರ ಕೆಂಪು ಕಬ್ಬಿಣಾಂಶದ ಗುಳಿಗೆಯಿಂದ ಮಲ ಕಪ್ಪಾಗುತ್ತದೆ, ಹೆದರಬೇಕಿಲ್ಲ. ಅದನ್ನು ಚಹಾದ ಜೊತೆ ನುಂಗಬಾರದು, ನಿಂಬೆ ಹಣ್ಣಿನ ಪಾನಕವಾದರೆ ಒಳ್ಳೆಯದು. ಕ್ಯಾಲ್ಸಿಯಂ ಗುಳಿಗೆಗೆ ಬೇರೆ ಹೊತ್ತು ಗೊತ್ತು ಮಾಡಿ. ಟಿಬಿ ಗುಳಿಗೆಯಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಕೂಡಲೇ ಆಸ್ಪತ್ರೆಗೆ ಬರಬೇಕು.

ಊರು ಬಿಡುವವರಿಗೆ

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧ ಸುರಕ್ಷತೆಯ ಜಾಗತಿಕ ಅಭಿಯಾನ ಶುರು ಮಾಡಿದಾಗ ಗುರುತಿಸಿದ ಮೂರು ಅಪಾಯದ ತಾಣಗಳಲ್ಲಿ ಒಂದು, ರೋಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ಘಳಿಗೆ. ಯಲಬುರ್ಗಾದಿಂದ ಕೊಪ್ಪಳಕ್ಕೋ ಹುಬ್ಬಳ್ಳಿಗೋ ಕಳಿಸುವ ಚೀಟಿಯಲ್ಲಿ ಕೊನೆಯ ಡೋಸ್ ಎಷ್ಟು ಗಂಟೆಗೆ ಕೊಟ್ಟಿರಿ ಎಂದು ಬರೆಯಿರಿ. ಇಲ್ಲದಿದ್ದರೆ ಅಲ್ಲಿ ಅದೇ ಇಂಜೆಕ್ಷನ್ ಮತ್ತೊಮ್ಮೆ ಬೀಳಬಹುದು, ಅಥವಾ ಬೀಳದೇ ಹೋಗಬಹುದು.

ನಮ್ಮ ತಾಲ್ಲೂಕಿನಲ್ಲಿ ಇದಕ್ಕಿಂತ ದೊಡ್ಡ ಸ್ಥಳಾಂತರ ಗುಳೆ. ಹಿಂಗಾರಿ ಕೈಕೊಟ್ಟ ವರ್ಷ ಬೆಂಗಳೂರು, ಮಂಗಳೂರು, ಗೋವಾ ಕಡೆ ಹೊರಟವರ ಗಂಟಿನಲ್ಲಿ ಪಾತ್ರೆ-ಪಡಗ ಇರುತ್ತವೆ, ಔಷಧದ ಫೈಲು ಊರಲ್ಲೇ ಉಳಿಯುತ್ತದೆ. ಮನೆ ಬಾಗಿಲಿಗೆ ಬರುವ ಆಶಾ ಮತ್ತು ಗೃಹ ಆರೋಗ್ಯ ತಂಡದವರು ಬಿಪಿ ನೋಡುವಾಗಲೇ "ಈ ಸಲ ಗುಳೇಕ ಹೊಂಟೀರೇನು?" ಎಂದು ಕೇಳಬೇಕು. ಹೌದೆಂದರೆ ಒಂದು ತಿಂಗಳ ಗುಳಿಗೆ ಕಟ್ಟಿಕೊಡಿಸಿ, ಚೀಟಿಯ ಫೋಟೊ ಅವರ ಮೊಬೈಲಿನಲ್ಲೂ ಮಗನ ಮೊಬೈಲಿನಲ್ಲೂ ಇರಲಿ. ಟಿಬಿ ಇದ್ದವರಿಗೆ ಅವರ ನೋಂದಣಿಯ ನಿಕ್ಷಯ್ ಸಂಖ್ಯೆಯನ್ನು ದೊಡ್ಡ ಅಂಕೆಗಳಲ್ಲಿ ಬರೆದುಕೊಟ್ಟು, ಹೋದ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಅದನ್ನು ತೋರಿಸಿದರೆ ಔಷಧ ಮುಂದುವರಿಯುತ್ತದೆ ಎಂದು ತಿಳಿಸಿ. ತಲುಪಿದ ಮೇಲೆ ಫೋನ್ ಮಾಡಲು ಇಲ್ಲಿನ ಕೇಂದ್ರದ ನಂಬರನ್ನೂ ಅದೇ ಹಾಳೆಯಲ್ಲಿ ಬರೆಯಿರಿ.