ಬೇಸಿಕ್ ಎಷ್ಟು ಅಂತ ಕೇಳಿ

ಕಾರು ವರ್ಕ್‌ಶಾಪಿಗೆ ಸೇರಲು ಬರುವ ಹುಡುಗರು ಕೇಳುವುದು ಒಂದೇ ಮಾತು: ಕೈಗೆ ಎಷ್ಟು ಬರುತ್ತೆ ಸಾರ್? ಅದಕ್ಕೆ ಉತ್ತರ ಕೊಡಲು ಯಾವ ಡೀಲರ್‌ಗೂ ಬೇಜಾರಿಲ್ಲ. ಬೇಸಿಕ್ ಎಷ್ಟು ಅಂತ ಕೇಳಿ ನೋಡಿ, ಎದುರಿಗೆ ಕೂತವರ ದನಿಯೇ ಬದಲಾಗುತ್ತದೆ.

ನಾನು ಬೆಂಗಳೂರಿನ ಒಂದು ಡೀಲರ್ ವರ್ಕ್‌ಶಾಪಿನಲ್ಲಿ 11 ವರ್ಷ ಸ್ಪ್ಯಾನರ್ ಹಿಡಿದವನು. ಐಟಿಐ, ಎಂಎಂವಿ (ಮೆಕ್ಯಾನಿಕ್ ಮೋಟಾರ್ ವೆಹಿಕಲ್) ಟ್ರೇಡ್. ಬಿಡುವ ಹೊತ್ತಿಗೆ ಡಯಾಗ್ನೋಸ್ಟಿಕ್ ಟೆಕ್ನಿಷಿಯನ್ ಆಗಿದ್ದೆ. ಉಳಿದವರು ಕೈಚೆಲ್ಲಿದ ಗಾಡಿ ಕೊನೆಗೆ ನನ್ನ ಸರ್ವಿಸ್ ಬೇಗೆ ಬರುತ್ತಿತ್ತು. ಒಳ್ಳೆಯ ತಿಂಗಳಲ್ಲಿ 31,000 ರೂಪಾಯಿ ಸಿಗುತ್ತಿತ್ತು. ಅದರಲ್ಲಿ ಬೇಸಿಕ್ ಮತ್ತು ಡಿಎ ಸೇರಿ 13,000. ಮಿಕ್ಕಿದ್ದೆಲ್ಲ ಇನ್‌ಸೆಂಟಿವ್, ಅಲೊವೆನ್ಸ್.

ಈ ಇನ್‌ಸೆಂಟಿವ್ ಲೆಕ್ಕ ಹೊರಗಿನವರಿಗೆ ಗೊತ್ತಿರುವುದಿಲ್ಲ. ಒಂದೊಂದು ಕೆಲಸಕ್ಕೂ ಕಂಪನಿ ಇಷ್ಟು ಗಂಟೆ ಎಂದು ಗೊತ್ತುಮಾಡಿರುತ್ತದೆ. ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಪ್ಲೇಟ್ ಹಾಕುವುದಕ್ಕೆ ಇಷ್ಟು, ಬ್ರೇಕ್ ಪ್ಯಾಡಿಗೆ ಇಷ್ಟು. ಗ್ರಾಹಕರ ಬಿಲ್ಲಿನಲ್ಲಿ ಲೇಬರ್ ಹಾಕುವುದು ಅದೇ ಲೆಕ್ಕದಲ್ಲಿ. ಬೇಗ ಮುಗಿಸಿದರೆ ಇನ್ನೊಂದು ಗಾಡಿ, ಇನ್ನಷ್ಟು ದುಡ್ಡು. ಆದರೆ ಫಾಲ್ಟ್ ಹುಡುಕುವ ಕೆಲಸ ಹಾಗೆ ಅಳತೆಗೆ ಸಿಗುವುದಿಲ್ಲ. ಡ್ಯಾಶ್‌ಬೋರ್ಡ್ ಬಿಚ್ಚಿಟ್ಟು ಎಲ್ಲಿ ಅರ್ಥ್ ಬಿಟ್ಟಿದೆ ಎಂದು ಮಲ್ಟಿಮೀಟರ್ ಹಿಡಿದು ಅರ್ಧ ದಿನ ತಡಕಾಡಿದರೂ ಜಾಬ್ ಕಾರ್ಡಿಗೆ ಏರುವುದು ಒಂದು ಗಂಟೆ. ಅಷ್ಟರಲ್ಲಿ ಪಕ್ಕದ ಬೇಯ ಹುಡುಗ ಆಯಿಲ್ ಬದಲಿಸಿ ನಾಲ್ಕು ಗಾಡಿ ಹೊರಗೆ ಕಳಿಸಿರುತ್ತಾನೆ. 2020ರ ಏಪ್ರಿಲ್ 1ರಿಂದ ಬಿಎಸ್-6 ಹೊಗೆ ನಿಯಮ ಬಂದ ಮೇಲಂತೂ ಇಂಥ ಕೆಲಸವೇ ಜಾಸ್ತಿಯಾಯಿತು. ಕಷ್ಟದ ಕೆಲಸ ಕಲಿತಷ್ಟೂ ಸಂಬಳ ಇಳಿಯುವ ಉದ್ಯೋಗ ಇನ್ನೊಂದಿದ್ದರೆ ನನಗೆ ತಿಳಿಸಿ.

2023ರಲ್ಲಿ ಊರಿಗೆ ವಾಪಸ್ ಬರಲೇಬೇಕಾಯಿತು. ಕಾರಣ ಇಲ್ಲಿ ಬೇಡ.

ನೋಟಿಸ್ ಅವಧಿ ಮುಗಿದ ದಿನ ಎಚ್‌ಆರ್ ಕ್ಯಾಬಿನ್‌ಗೆ ಕರೆದರು. ಆಗ ತಾನೇ ಒಂದು ಡೀಸೆಲ್ ಗಾಡಿಯ ಇಂಜೆಕ್ಟರ್ ಕೂರಿಸಿ ಬಂದಿದ್ದೆ. ಎಚ್‌ಆರ್ ಹುಡುಗ ನನಗಿಂತ ಹತ್ತು ವರ್ಷವಾದರೂ ಚಿಕ್ಕವನು. ಮೇಜಿನ ಮೇಲೆ ಫುಲ್ ಅಂಡ್ ಫೈನಲ್ ಕಾಗದ ಇಟ್ಟು, ಪೆನ್ನಿನ ಜೊತೆಗೆ ಟಿಶ್ಯೂ ಪೇಪರ್ ತಳ್ಳಿದ. "ಕೈ ಒರೆಸ್ಕೊಳ್ಳಿ, ಡಾಕ್ಯುಮೆಂಟ್ ಕೊಳೆ ಆಗುತ್ತೆ." ಒರೆಸಿಕೊಂಡು ಓದಿದೆ. ಗ್ರಾಚ್ಯುಟಿ ಎಂಬ ಸಾಲಿನ ಎದುರು 60,000 ಅಂತ ಇತ್ತು. ಕಾಯ್ದೆಯ ಲೆಕ್ಕದಂತೆ 13,000ವನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿದರೆ ವರ್ಷಕ್ಕೆ 7,500. ಹನ್ನೊಂದು ವರ್ಷಕ್ಕೆ 82,500 ಬರಬೇಕು.

"ಮೂರು ವರ್ಷ ಎಲ್ಲಿ ಹೋಯ್ತು?" ಅಂದೆ.

"ಆಗ ನೀವು ಕಂಟ್ರಾಕ್ಟರ್ ರೋಲ್‌ನಲ್ಲಿದ್ರಿ. ನಮ್ಮ ಎಂಪ್ಲಾಯಿ ಅಲ್ಲ."

ಯಾವ ಕಂಟ್ರಾಕ್ಟರ್? ಅವನ ಹೆಸರನ್ನೂ ನಾನು ಕೇಳಿರಲಿಲ್ಲ. ಮೊದಲ ದಿನದಿಂದ ಅದೇ ಗೇಟು, ಅದೇ ಯೂನಿಫಾರ್ಮು. ನಾನು ಜಗ್ಗದಿದ್ದಾಗ ಎಚ್‌ಆರ್ ಹುಡುಗ ಫ್ಲೋರ್ ಸೂಪರ್‌ವೈಸರ್‌ನನ್ನು ಕರೆಸಿದ. ಹೆಲ್ಪರ್ ಆಗಿ ಬಂದಿದ್ದ ಅವನಿಗೆ ಟೈಮಿಂಗ್ ಬೆಲ್ಟ್ ಕೂರಿಸುವುದನ್ನು ಕಲಿಸಿದ್ದು ನಾನು. ಅವನ ಮದುವೆಗೆ ಚನ್ನರಾಯಪಟ್ಟಣದವರೆಗೆ ಹೋಗಿ ಬಂದಿದ್ದೆ. "ಇವರು ಯಾವಾಗಿಂದ ಇದ್ದಾರೆ?" ಅಂತ ಕೇಳಿದರೆ ಆ ಮನುಷ್ಯ ಜೇಬಿನಿಂದ ಫೋನ್ ತೆಗೆದು ನೋಡುತ್ತಾ, "ನನಗೆ ಕರೆಕ್ಟಾಗಿ ಗೊತ್ತಿಲ್ಲ ಸಾರ್" ಅಂದ. 22,500 ರೂಪಾಯಿ ಹೋದರೆ ಸಂಪಾದಿಸಬಹುದು. ಆ ಮಾತು ಇವತ್ತಿಗೂ ಅರಗಿಲ್ಲ. ಅವನಿಗೂ ಹೆಂಡತಿ ಮಕ್ಕಳಿದ್ದಾರೆ, ನೌಕರಿ ಉಳಿಯಬೇಕು ಅಂತ ಮನೆಯಲ್ಲಿ ಸಮಾಧಾನ ಹೇಳಿದರು. ಇರಲಿ, ನನಗೂ ಇದ್ದರು. ಸಹಿ ಹಾಕದೆ ಎದ್ದು ಬಂದೆ.

ಭಾವನಿಗೆ ಹೇಳಿದರೆ, "ಕೊಟ್ಟಷ್ಟು ತಗೊಂಡು ಬರೋದು ಬಿಟ್ಟು ಕೋರ್ಟು ಕಚೇರಿ ಅಂತ ಹೋಗ್ತೀಯೇನಯ್ಯ, ನಾಳೆ ಯಾವ ಡೀಲರೂ ಹತ್ತಿರ ಸೇರಿಸಲ್ಲ" ಅಂತ ಬುದ್ಧಿ ಹೇಳಿದರು. ಸರ್ಕಾರಿ ಕೆಲಸದಲ್ಲಿದ್ದು ಪಿಂಚಣಿ ಎಣಿಸುವವರು ಹೀಗೆಯೇ ಮಾತಾಡುವುದು.

ಪಿಎಫ್ ಪಾಸ್‌ಬುಕ್ ತೆಗೆದರೆ ಆ ಮೂರು ವರ್ಷ ಅಲ್ಲಿಯೂ ಇರಲಿಲ್ಲ. ಸಂಬಳವನ್ನು ಕವರಿನಲ್ಲಿ ಕೊಡುತ್ತಿದ್ದ ಕಾಲ ಅದು. ಕಡೆಗೆ ಕೈಹಿಡಿದದ್ದು ಒಂದು ಟ್ರೈನಿಂಗ್ ಸರ್ಟಿಫಿಕೇಟ್. ಸೇರಿದ ವರ್ಷವೇ ಕಾರು ಕಂಪನಿಯ ತರಬೇತಿ ಕೇಂದ್ರಕ್ಕೆ ಕಳಿಸಿದ್ದರು. ನನ್ನ ಹೆಸರು, ತಾರೀಖು, ಡೀಲರ್ ಹೆಸರು, ಡೀಲರ್ ಕೋಡು ಎಲ್ಲ ಅದರಲ್ಲಿ ಅಚ್ಚಾಗಿತ್ತು. ಅಮ್ಮ ಅದಕ್ಕೆ ಫ್ರೇಮ್ ಹಾಕಿಸಿ ದೇವರ ಕೋಣೆಯ ಪಕ್ಕ ನೇತುಹಾಕಿದ್ದರು. ಆಗ ಇದ್ದದ್ದು 1972ರ ಗ್ರಾಚ್ಯುಟಿ ಕಾಯ್ದೆ. ದುಡ್ಡನ್ನು 30 ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಬೇಕು ಎಂದು ಅದರಲ್ಲೇ ಇತ್ತು. ಕಾರ್ಮಿಕ ಅಧಿಕಾರಿ ಮುಂದೆ ಅರ್ಜಿ ಹಾಕಿದೆ. ಅಲ್ಲಿನ ಗುಮಾಸ್ತರು ಜೆರಾಕ್ಸ್ ಸರಿಯಿಲ್ಲ, ವಿಳಾಸ ಸರಿಯಿಲ್ಲ ಅಂತ ಸಾಕಷ್ಟು ಅಲೆದಾಡಿಸಿದರು. ಆದರೆ ವಿಚಾರಣೆಗೆ ಕೂತ ಅಧಿಕಾರಿ ಸರ್ಟಿಫಿಕೇಟ್ ತಿರುಗಿಸಿ ನೋಡಿ, "ನಿಮ್ಮವನಲ್ಲದವನನ್ನ ನಿಮ್ಮ ಖರ್ಚಲ್ಲಿ ಟ್ರೈನಿಂಗಿಗೆ ಯಾಕ್ರೀ ಕಳಿಸಿದ್ರಿ?" ಎಂದು ಕೇಳಿದಾಗ ಕಂಪನಿ ವಕೀಲರು ಮುಂದಿನ ತಾರೀಖು ಕೇಳಿದರು. ಆದೇಶ ಬರುವುದಕ್ಕೆ ಮುಂಚೆಯೇ 82,500ವೂ ಬಡ್ಡಿಯೂ ಬ್ಯಾಂಕಿಗೆ ಬಂತು.

ಗೆದ್ದೆ ಅಂತ ಬೀಗಿದರೂ ಲೆಕ್ಕ ಲೆಕ್ಕವೇ. 31,000ಕ್ಕೆ ಗ್ರಾಚ್ಯುಟಿ ಕಟ್ಟಿದ್ದರೆ ಹತ್ತಿರ ಹತ್ತಿರ ಎರಡು ಲಕ್ಷ ಬರಬೇಕಿತ್ತು. ಇನ್‌ಸೆಂಟಿವ್ ಎಂಬ ದುಡ್ಡು ಮಳೆನೀರಿನ ಹಾಗೆ, ಬಂದ ತಿಂಗಳೇ ಹರಿದುಹೋಗುತ್ತಿತ್ತು. ಪಿಎಫ್‌ಗೂ ಸೇರುತ್ತಿರಲಿಲ್ಲ, ಗ್ರಾಚ್ಯುಟಿಗೂ ಸೇರುತ್ತಿರಲಿಲ್ಲ.

ಈಗ ಶಿವಮೊಗ್ಗದ ಸಾಗರ ರಸ್ತೆಯ ಆಟೊ ಕಾಂಪ್ಲೆಕ್ಸ್‌ನಲ್ಲಿ ಸ್ವಂತ ಶೆಡ್ ಇದೆ. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಮಾತ್ರ ಓಡಾಡುವ ಡೀಸೆಲ್ ಕಾರುಗಳು, ಮಸಿ ಹಿಡಿಯುವ ಫಿಲ್ಟರ್ ಅಂದರೆ ಡಿಪಿಎಫ್ ಕಟ್ಟಿಕೊಂಡು, ನನ್ನ ಹತ್ತಿರ ಬರುತ್ತವೆ. ಸ್ಕ್ಯಾನರ್ ಹಾಕಿ, ಮಸಿ ಎಷ್ಟು ತುಂಬಿದೆ ನೋಡಿ, ಸುಡಿಸಿ ಕಳಿಸುತ್ತೇನೆ. ಅಲ್ಲಿ ಒಂದು ಗಂಟೆ ಅಂತ ಬರೆಯುತ್ತಿದ್ದ ಕೆಲಸಕ್ಕೆ ಇಲ್ಲಿ ರೇಟು ಹೇಳುವವನು ನಾನೇ.

ಹೊಸಬರಿಗೆ ಹೇಳುವುದು ಹೆಚ್ಚೇನಿಲ್ಲ. ಟ್ರೈನಿಂಗ್ ಸರ್ಟಿಫಿಕೇಟ್, ಗೇಟ್ ಪಾಸ್, ನಿಮ್ಮ ಹೆಸರಿರುವ ಜಾಬ್ ಕಾರ್ಡ್ ಎಲ್ಲದರ ಫೋಟೊ ಇಟ್ಟುಕೊಳ್ಳಿ. ಪಿಎಫ್ ಯಾವ ತಿಂಗಳಿಂದ ಶುರುವಾಗಿದೆ ಅಂತ ಮೊದಲ ವರ್ಷವೇ ನೋಡಿ. ಹತ್ತನೇ ತರಗತಿ ಮುಗಿಸಿದ ಹಳ್ಳಿ ಮಕ್ಕಳಿದ್ದರೆ, ಟೊಯೊಟಾದವರು 2007ರಿಂದ ಬಿಡದಿಯಲ್ಲಿ ನಡೆಸುತ್ತಿರುವ ತರಬೇತಿ ಸಂಸ್ಥೆಯ ಬಗ್ಗೆ ವಿಚಾರಿಸಿ. ನನ್ನ ಕೇಸು ಹಳೆಯ ಕಾಯ್ದೆಯದು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ, ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ ಮೀರಿದ ಭಾಗವನ್ನೂ ವೇತನದ ಲೆಕ್ಕಕ್ಕೆ ಸೇರಿಸಬೇಕು. ಇನ್‌ಸೆಂಟಿವ್ ಅದಕ್ಕೆ ಸೇರಲ್ಲ ಎಂದು ವಾದ ಹೂಡುವವರು ಇದ್ದೇ ಇರುತ್ತಾರೆ. ಆದ್ದರಿಂದ ಆಫರ್ ಲೆಟರ್ ಕೊಟ್ಟರೆ ಮೊದಲು ಬೇಸಿಕ್ ಎಂಬ ಸಾಲಿನ ಎದುರು ಎಷ್ಟು ಬರೆದಿದ್ದಾರೆ ನೋಡಿ, ಆಮೇಲೆ ಸಹಿ ಹಾಕಿ.