ಕೂಲಿ ದುಡ್ಡಿನಲ್ಲಿ ಕಾಳು, ಸೊಪ್ಪಿನ ಊಟ

ಬಿಪಿಎಲ್ ಕಾರ್ಡಿರುವ ಮನೆಗೆ ಇವತ್ತು ಅಕ್ಕಿಯ ಚಿಂತೆ ಅಷ್ಟಾಗಿ ಇಲ್ಲ. ತತ್ವಾರ ಇರುವುದು ಬೇಳೆಕಾಳಿಗೆ, ತರಕಾರಿಗೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಂತೆ ದೊಡ್ಡವರೊಬ್ಬರಿಗೆ ದಿನಕ್ಕೆ ಸುಮಾರು 85 ಗ್ರಾಂ ಬೇಳೆಕಾಳು ಬೇಕು. ನಾಲ್ವರು ದೊಡ್ಡವರಿರುವ ಮನೆಗೆ ವಾರಕ್ಕೆ ಎರಡು ಕೆ.ಜಿ.ಗೂ ಮೇಲಾಯಿತು. ಅಷ್ಟನ್ನೂ ತೊಗರಿಬೇಳೆಯಲ್ಲೇ ತೂಗಿಸುವುದು ಕೂಲಿ ಮಾಡಿ ಉಣ್ಣುವವರಿಗೆ ಆಗುವ ಮಾತಲ್ಲ. ಬೇರೆ ದಾರಿ ಹೀಗೆ ಹಿಡಿಯಬಹುದು.

ಮೊದಲು ಕಾಳು: ಸಂತೆಯಲ್ಲಿ ಚೀಲಕ್ಕೆ ಮೊದಲು ಬೀಳಬೇಕಾದ್ದು ಕಾಳು; ಎಣ್ಣೆ, ಸಕ್ಕರೆ ಆಮೇಲೆ. ಹುರುಳಿ, ಅಲಸಂದೆ, ಕಡಲೆ, ಆ ವಾರ ಯಾವುದು ಅಗ್ಗವೋ ಅದು. 100 ಗ್ರಾಂ ಹುರುಳಿಯಲ್ಲಿ 20 ಗ್ರಾಂಗಿಂತ ಹೆಚ್ಚು ಪ್ರೋಟೀನ್ ಇದೆ, ತೊಗರಿಬೇಳೆಗೆ ಏನೂ ಕಡಿಮೆಯಿಲ್ಲ. ಒಕ್ಕಣೆ ಮುಗಿದ ಹೊತ್ತಿನಲ್ಲಿ ರೈತರ ಮನೆಯಲ್ಲೇ ವಿಚಾರಿಸಿ. ಕೊಂಡ ಕಾಳನ್ನು ಚೆನ್ನಾಗಿ ಬಿಸಿಲಿಗೆ ಹಾಕಿ, ಒಣಗಿದ ಬೇವಿನ ಸೊಪ್ಪಿನೊಂದಿಗೆ ಡಬ್ಬಿಗೆ ತುಂಬಿ. ಮಕ್ಕಳ ಬಿಸ್ಕತ್ ಪೊಟ್ಟಣದ ದುಡ್ಡು ಹುರಿಗಡಲೆ, ಕಡಲೆಬೀಜಕ್ಕೆ ಹೋಗಲಿ.

ಸೊಪ್ಪು: ಬದುವಿನಲ್ಲಿ ಅಣ್ಣೆ, ಹೊನಗೊನೆ, ಗಣಿಕೆ ಪುಕ್ಕಟೆಯಾಗಿ ಬೆಳೆಯುತ್ತವೆ. ಗುರುತು ಬಲ್ಲ ಹಿರಿಯರೊಡನೆ ಹೋಗಿ ಕೊಯ್ದು ತನ್ನಿ. ಕಳೆನಾಶಕ ಹೊಡೆದ ಹೊಲದ ಸೊಪ್ಪು ಮಾತ್ರ ಬೇಡ. ಈಗ ಅಂಥ ಹೊಲಗಳೇ ಜಾಸ್ತಿ, ಕೇಳಿಯೇ ಕೊಯ್ಯಿರಿ. ಮುಂಗಾರಿನಲ್ಲಿ ಒಂದು ನುಗ್ಗೆ ಕೊಂಬೆ ನೆಟ್ಟು, ಬಚ್ಚಲ ನೀರು ಹರಿಯುವ ಕಡೆ ಪರಂಗಿ ಹಾಕಿದರೆ ಅಷ್ಟಕ್ಕೆ ಸಂತೆಯ ಹಂಗು ತಪ್ಪುತ್ತದೆ.

ಅಡುಗೆ: ಒಂದೇ ಒಲೆ ಉರಿಯಲ್ಲಿ ಎರಡು ಬಗೆ ಮಾಡುವ ಬಸ್ಸಾರಿನಷ್ಟು ಲೆಕ್ಕಾಚಾರದ ಅಡುಗೆ ನನಗೆ ಬೇರೆ ಕಂಡಿಲ್ಲ. ನೆನೆಸಿದ ಅಲಸಂದೆಯನ್ನು ಮುಕ್ಕಾಲು ಬೇಯಿಸಿ, ಹೆಚ್ಚಿದ ಸೊಪ್ಪು ಹಾಕಿ, ಬೆಂದ ಮೇಲೆ ಕಟ್ಟು ಬಸಿದುಕೊಳ್ಳಿ. ಒಂದು ಹಿಡಿ ಬೆಂದ ಕಾಳುಸೊಪ್ಪನ್ನು ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆಯೊಡನೆ ರುಬ್ಬಿ ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು. ಉಳಿದದ್ದಕ್ಕೆ ಈರುಳ್ಳಿ ಒಗ್ಗರಣೆ ಕೊಟ್ಟರೆ ಪಲ್ಯ. ಕಟ್ಟು ಚೆಲ್ಲಿದರೆ ಸತ್ವವೂ ಚೆಲ್ಲಿದಂತೆ. ಬಡಿಸುವ ಮೊದಲೇ ಅಡುಗೆ ಮಾಡಿದವಳ ಪಾಲಿನ ಪಲ್ಯ ತೆಗೆದಿಡಿ. ಎಲ್ಲರೂ ಉಂಡೆದ್ದ ಮೇಲೆ ಅವಳಿಗೆ ಬರೀ ತಿಳಿಸಾರು ಉಳಿಯುವ ಮನೆಗಳು ಈಗಲೂ ಇವೆ.

ಕಾರ್ಡಿಗೆ ರಾಗಿ ಬಂದರೆ ಮಾರಬೇಡಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಊಟಕ್ಕೆ ನಿಂಬೆಹುಳಿ ಹಿಂಡಿಕೊಂಡರೆ ಸೊಪ್ಪಿನ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಉಂಡ ಕೂಡಲೇ ಕುಡಿಯುವ ಟೀ ಅದಕ್ಕೆ ಅಡ್ಡಿ, ಒಂದು ತಾಸು ತಡೆಯಿರಿ.

ಅಂಗನವಾಡಿ: ಗರ್ಭಿಣಿ, ಬಾಣಂತಿಯರಿಗೆ ಅಲ್ಲಿ ಮಧ್ಯಾಹ್ನದ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ 2017ರಿಂದ ಇದೆ. ಕೂಲಿ ಬಿಟ್ಟು ದಿನಾ ನಡೆದುಹೋಗುವುದು ಎಲ್ಲರಿಗೂ ಆಗದು, ಯೋಜನೆಯ ಕೊರತೆಯೇ ಅದು. ಆದರೂ ತಾಯಿ ಕಾರ್ಡ್ ಕೈಗೆ ಬಂದ ಕೂಡಲೇ ಹೆಸರು ಬರೆಸಿ, ಕೆಲಸವಿಲ್ಲದ ದಿನ ತಪ್ಪಿಸಬೇಡಿ.